ಬ್ರಿಟನ್ ಕೂಟದಲ್ಲಿರಬೇಕೇ, ಬಿಡಬೇಕೇ?

ನಮ್ಮ ಕನ್ನಡ ಕೂಟದಲ್ಲಿ ಒಬ್ಬ ಡಾಕ್ಟರಿದ್ದರು. ಎದುರಿಗಿದ್ದಾಗ ಎಲ್ಲರೂ ಅವರನ್ನು ‘ಡಾಕ್ಟ್ರೇ’ ಎನ್ನುತ್ತಿದ್ದರು. ಅವರು ಆ ಕಡೆ ತಿರುಗಿದ ಕೂಡಲೇ ‘ಬ್ರಿಟನ್’ ಎನ್ನುತ್ತಿದ್ದರು. ಧಾರವಾಡದ ಕಡೆಯವರು. ಐವತ್ತರ ದಶಕದಲ್ಲೇ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದು, ಹೆಂಡತಿಯ ಕೀಲುನೋವಿಗೆ ಬಿಸಿಲು ಒಳ್ಳೆಯದೆಂದು ಎಪ್ಪತ್ತರ ದಶಕದಲ್ಲಿ ಲಾಸ್ ಏಂಜಲೀಸಿಗೆ ಬಂದು ಅದರ ಅಂಚಿನ ಡೈಮಂಡ್ ಬಾರ್ ಎಂಬ ಊರಿನ ಗುಡ್ಡದ ಮೇಲೆ ಮನೆ ಮಾಡಿದ್ದರು. ಮನೆ ಗುಡ್ಡದ ಮೇಲಿದ್ದರೂ ಮನಸ್ಸು ಅಟ್ಲಾಂಟಿಕ್ ಸಾಗರದ ಆಚೆಗೇ ಇತ್ತು. ಯಾವ ಮಾತು ಬಂದರೂ ‘ಬ್ರಿಟನ್ನಿನೊಳಗ ನಾವು...’ ಎಂದೇ ಶುರು. ಊಟದ ಹೊತ್ತಿಗೆ ನೂಕುನುಗ್ಗಲಾದರೆ ‘ಬ್ರಿಟನ್ನಿನೊಳಗ ನಾವು ಕ್ಯೂ ಹಚ್ಚತಿದ್ವಿ’. ಸಭೆ ತಡವಾದರೆ ‘ಬ್ರಿಟನ್ನಿನೊಳಗ ನಾವು ಟೈಮಿಗೆ ಶುರು ಮಾಡತಿದ್ವಿ’. ಚಹಾ ಕೊಟ್ಟರಂತೂ ಹಾಲು ಮೊದಲೋ ಡಿಕಾಕ್ಷನ್ ಮೊದಲೋ ಎಂಬುದರ ಮೇಲೆ ಉಪನ್ಯಾಸವೇ ಆಗುತ್ತಿತ್ತು. ಹೀಗಾಗಿ ಆ ಹೆಸರು ಯಾರೂ ಇಡದೆ ತಾನಾಗಿಯೇ ಬಿತ್ತು. ‘ಬ್ರಿಟನ್ ಬಂದ್ರಾ?’, ‘ಬ್ರಿಟನ್ ಪಕ್ಕ ನಾನು ಕೂರಲ್ಲಪ್ಪ, ನೀವು ಕೂತ್ಕೊಳ್ಳಿ’. ಮಕ್ಕಳು ಮಾತ್ರ ಎದುರಿಗೂ ‘ಬ್ರಿಟನ್ ಅಂಕಲ್’ ಎಂದುಬಿಡುತ್ತಿದ್ದರು. ಅವರು ಅದನ್ನು ಗೌರವವೆಂದು ತಿಳಿದು ತಲೆ ಸವರುತ್ತಿದ್ದರು.

ನಾವಿದ್ದದ್ದು ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ. ತಿಂಗಳಿಗೊಮ್ಮೆ ಕೂಟಕ್ಕೆಂದು ಡೈಮಂಡ್ ಬಾರಿಗೆ ಡ್ರೈವ್ ಮಾಡುತ್ತಿದ್ದೆವು. ಹುಳಿಯ ಪಾತ್ರೆ ನನ್ನ ಕಾಲ ಸಂದಿಯಲ್ಲಿ, ಮಗಳು ಹಿಂದಿನ ಸೀಟಿನಲ್ಲಿ. ನಮ್ಮ ಮನೆಯವರು ದಾರಿಯುದ್ದಕ್ಕೂ ಲೇನ್ ಬದಲಾಯಿಸುವವರನ್ನು ಬೈಯುತ್ತಾ. ಸಿಟಿಜನ್ ಆದಮೇಲೆ ಅವರಿಗೆ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತ್ತು. ಅಲ್ಲಿ ಏನು ಮಾಡುತ್ತಾರೆಂದು ಮನೆಯಲ್ಲಿ ಹೇಳುವಂತಿರಲಿಲ್ಲ. ಬ್ರಿಟನ್ನಿನಲ್ಲಿ ನಿಲ್ಲಿಸಲಿರುವ ಅಮೆರಿಕದ ಕ್ಷಿಪಣಿಗಳು ತಯಾರಾಗುವುದು ನಮ್ಮೂರಿನಲ್ಲೇ ಎಂದು ಪೇಪರಿನಲ್ಲಿ ಬಂದ ದಿನ, ‘ಏನ್ರೀ, ಇದು ನಿಮ್ಮದೇನಾ?’ ಎಂದು ಕೇಳಿದೆ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂದರು. ಅಷ್ಟರಿಂದ ನನಗೆ ತಿಳಿಯಬೇಕಾದದ್ದೆಲ್ಲ ತಿಳಿಯಿತು.

ಎಂಬತ್ತರ ದಶಕ ಶುರುವಾದ ಆ ಕಾಲಕ್ಕೆ ಬ್ರಿಟನ್ನಿನಲ್ಲಿ ಅದೇ ದೊಡ್ಡ ಗದ್ದಲ. ಅಮೆರಿಕದ ಕ್ಷಿಪಣಿಗಳಿಗೆ ತಮ್ಮ ನೆಲ ಕೊಡಬೇಕೇ, ಹೊಸ ಜಲಾಂತರ್ಗಾಮಿಗಳಿಗೆ ಅಷ್ಟೊಂದು ಹಣ ಸುರಿಯಬೇಕೇ, ಅಣುಬಾಂಬನ್ನು ತಾವೇ ಮೊದಲು ತ್ಯಜಿಸಿದರೆ ಉಳಿದವರೂ ತ್ಯಜಿಸುತ್ತಾರೆಯೇ, ಅಮೆರಿಕದ ಜೊತೆ ಪಶ್ಚಿಮ ದೇಶಗಳು ಕಟ್ಟಿಕೊಂಡ ಮಿತ್ರಕೂಟದಲ್ಲಿದ್ದರೆ ಕ್ಷೇಮವೋ ಬಿಟ್ಟರೆ ಕ್ಷೇಮವೋ ಎಂದು ಅಲ್ಲಿನವರು ಬೀದಿಯಲ್ಲೂ ಪಾರ್ಲಿಮೆಂಟಿನಲ್ಲೂ ಕಚ್ಚಾಡುತ್ತಿದ್ದರು. ಇಂಗ್ಲೆಂಡಿನಿಂದ ತಡವಾಗಿ ಬರುವ ವಾರಪತ್ರಿಕೆಯನ್ನು ಡಾಕ್ಟರು ಅಕ್ಷರ ಬಿಡದೆ ಓದಿ, ಕೂಟದ ದಿನ ಯಾರು ಕೈಗೆ ಸಿಕ್ಕರೆ ಅವರ ತಲೆ ತಿನ್ನುತ್ತಿದ್ದರು. ಅವರು ಕ್ಷಿಪಣಿಯ ಪಕ್ಷ, ಮಿತ್ರಕೂಟದ ಪಕ್ಷ. ‘ಒಂಟಿ ದೇಶಕ್ಕ ಯಾರದೂ ಗ್ಯಾರಂಟಿ ಇಲ್ಲರೀ’ ಎಂದು ಕೈಯಲ್ಲಿ ಬೋಂಡಾ ಹಿಡಿದು ಗುಡುಗುತ್ತಿದ್ದರು. ಕೇಳುವವರಲ್ಲಿ ಹೆಚ್ಚಿನವರ ಹತ್ತಿರ ಇಂಡಿಯಾದ ಪಾಸ್‌ಪೋರ್ಟು, ಅಮೆರಿಕದ ಗ್ರೀನ್ ಕಾರ್ಡು. ಇದರಲ್ಲಿ ಬ್ರಿಟನ್ನಿನ ರಕ್ಷಣೆ ಮಾತ್ರ ನಮ್ಮ ತಲೆಗೆ ಹೇಗೆ ಬಂತೋ ಯಾರಿಗೂ ತಿಳಿಯದು. ನಮ್ಮ ಮನೆಯವರು ಪಾಪ, ಇಡೀ ಕೋಣೆಯಲ್ಲಿ ಆ ವಿಷಯದ ಬಗ್ಗೆ ನಿಜವಾಗಿ ಏನಾದರೂ ಗೊತ್ತಿದ್ದ ಒಬ್ಬರೇ ಒಬ್ಬರು. ಬಾಯಿಗೆ ಬೀಗ ಹಾಕಿಕೊಂಡು ಚಟ್ನಿ ಹುಡುಕಿಕೊಂಡು ಹೋಗುತ್ತಿದ್ದರು.

ಡಾಕ್ಟರ ಹೆಂಡತಿ ತೀರಿಕೊಂಡು ಒಂದೆರಡು ವರ್ಷವಾಗಿತ್ತು. ಇದ್ದ ಒಬ್ಬಳೇ ಮಗಳು ಇಂಗ್ಲೆಂಡಿನಲ್ಲೇ ಉಳಿದು ಸ್ಕೂಲ್ ಟೀಚರಾಗಿದ್ದಳು. ಅಪ್ಪ ಯಾವ ಪಕ್ಷವೋ ಮಗಳು ಸರಿಯಾಗಿ ಅದಕ್ಕೆ ವಿರುದ್ಧ. ಕ್ಷಿಪಣಿ ಬರಲಿರುವ ವಿಮಾನನೆಲೆಯ ಬೇಲಿಯ ಹೊರಗೆ, ಕ್ಷಿಪಣಿ ಬೇಡವೆಂದು ಹೆಂಗಸರು ಪ್ಲಾಸ್ಟಿಕ್ ಹೊದಿಸಿಕೊಂಡು ಬಿಡಾರ ಹೂಡಿದ್ದರಲ್ಲ, ರಜೆ ಬಂದರೆ ಅವಳೂ ಅಲ್ಲಿಯೇ ಹೋಗಿ ಕೂರುತ್ತಿದ್ದಳು. ಫೋನಿನಲ್ಲಿ ಅಪ್ಪ–ಮಗಳು ‘ಹಲೋ’ ಮುಗಿಯುವಷ್ಟರಲ್ಲಿ ಜಗಳಕ್ಕೆ ಬಿದ್ದು ಇಟ್ಟುಬಿಡುತ್ತಿದ್ದರು. ಆದರೂ ಅವಳು ಪ್ರತಿ ಸಲ ಒಂದು ಮಾತು ಹೇಳುತ್ತಿದ್ದಳಂತೆ: ಅಪ್ಪಾ, ಅಲ್ಲಿ ಒಬ್ಬನೇ ಯಾಕಿದ್ದೀ, ಮನೆ ಮಾರಿ ಇಲ್ಲಿಗೆ ಬಂದುಬಿಡು. ಅದನ್ನು ನಮಗೆ ಹೇಳುವಾಗ ಡಾಕ್ಟರು ಎದೆ ಸೆಟೆಸುತ್ತಿದ್ದರು. ‘ಒಬ್ಬನ ಎಲ್ಲಿ ಇದ್ದೀನಿ? ನನ್ನ ಮಂದಿ ಇದ್ದಾರ ಇಲ್ಲೆ, ಕೂಟ ಅದ, ಅಂದೆ.’ ಹೀಗೆಂದು ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ನಾವು ಹೌದು ಹೌದು ಎಂದು ತಲೆಯಾಡಿಸಿ, ಅವರು ಇನ್ನೊಂದು ಕಥೆ ಶುರು ಮಾಡುವ ಮುಂಚೆ ಪಾತ್ರೆ ತೊಳೆಯಲು ಏಳುತ್ತಿದ್ದೆವು.

ಕೂಟದ ಕಾರ್ಯದರ್ಶಿಗೆ ಪ್ರತಿ ವರ್ಷ ಒಂದು ಚರ್ಚಾಸ್ಪರ್ಧೆ ಮಾಡಿಸುವ ಹುಚ್ಚು. ಮೈಸೂರಿನ ಕಾಲೇಜಿನಲ್ಲಿ ತಾವು ಗೆದ್ದ ಕಪ್ಪುಗಳ ನೆನಪು ಅವರಿಗೆ ಇನ್ನೂ ಹಸಿಯಾಗಿತ್ತು. ‘ಹೆಣ್ಣುಮಕ್ಕಳಿಗೆ ವಿದ್ಯೆ ಬೇಕೇ’, ‘ವಿಜ್ಞಾನ ವರವೋ ಶಾಪವೋ’ ಇವುಗಳನ್ನೆಲ್ಲ ಮುಗಿಸಿ, ಹಿಂದಿನ ವರ್ಷ ‘ಅಡುಗೆಮನೆಯಲ್ಲಿ ಗಂಡಸಿನ ಸ್ಥಾನ’ ಎಂದಿಟ್ಟಿದ್ದರು. ಕೇಳಲು ಬಂದವರಿಗಿಂತ ವೇದಿಕೆಯ ಮೇಲಿದ್ದವರೇ ಹೆಚ್ಚು. ಈ ವರ್ಷ ವಿಷಯ ನಾನು ಕೊಡತೀನಿ ಎಂದು ಡಾಕ್ಟರು ಮುಂದೆ ಬಂದರು. ವಿಷಯ: ‘ಬ್ರಿಟನ್ ಮಿತ್ರಕೂಟದಲ್ಲಿರಬೇಕೇ, ಬಿಡಬೇಕೇ?’ ಮೊದಲು ಸಭಿಕರು ಮಾತಾಡುವುದು, ಕೊನೆಗೆ ಇಬ್ಬರು ಮುಖ್ಯ ಭಾಷಣಕಾರರು. ಒಬ್ಬರು ಡಾಕ್ಟರು, ಇನ್ನೊಬ್ಬರು ಕಾರ್ಯದರ್ಶಿಯೇ. ಯಾರು ಯಾವ ಪಕ್ಷ ಎಂಬುದಕ್ಕೆ ಚೀಟಿ ಎತ್ತಿದರು. ಡಾಕ್ಟರಿಗೆ ‘ಬಿಡಬೇಕು’ ಬಂತು.

ಬೇರೆಯವರಾಗಿದ್ದರೆ ಚೀಟಿ ಬದಲಾಯಿಸಿಕೊಳ್ಳುತ್ತಿದ್ದರು. ಕಾರ್ಯದರ್ಶಿಯೂ ಹಾಗೇ ಮಾಡೋಣವೆಂದರು. ಡಾಕ್ಟರು ಒಪ್ಪಲಿಲ್ಲ. ‘ಬ್ರಿಟನ್ನಿನೊಳಗ ನಾವು ಬಂದ ಪಕ್ಷಾನ ಬಿಡತಿರಲಿಲ್ಲ. ಒಪ್ಪದ ಮಾತನ್ನೂ ಒಪ್ಪೂಹಂಗ ಹೇಳೋದು, ಅದಕ್ಕ ಡಿಬೇಟ್ ಅಂತಾರ.’ ಆದರೆ ಒಪ್ಪದ ಮಾತಿಗೆ ವಾದ ಎಲ್ಲಿಂದ ತರುವುದು? ಮಗಳಿಗೆ ಫೋನ್ ಮಾಡಿದರು. ಶನಿವಾರ ಬೆಳಿಗ್ಗೆ ಇಲ್ಲಿ ಇವರು ಪೆನ್ನು ಹಿಡಿದು ಕೂತರೆ ಅಲ್ಲಿ ಸಂಜೆಯ ಚಹಾ ಮುಗಿಸಿ ಅವಳು ಕ್ಷಿಪಣಿಯ ವಿರುದ್ಧ ಒಂದೊಂದೇ ವಾದ ಹೇಳಿಕೊಡುವಳು. ಅಪ್ಪ ನಡುನಡುವೆ, ‘ಇದು ತಪ್ಪದ, ಆದ್ರ ಛಲೋ ಅದ, ಇನ್ನೊಮ್ಮೆ ಹೇಳು’ ಎನ್ನುವರು. ಹೆಂಡತಿ ಹೋದಮೇಲೆ ಅವರ ಮುಖದಲ್ಲಿ ಅಷ್ಟು ಕಳೆ ನಾನು ನೋಡಿರಲಿಲ್ಲ. ‘ಹುಡುಗಿ ಬ್ಯಾರಿಸ್ಟರ್ ಆಗಬೇಕಿತ್ತು’ ಎಂದು ಎಲ್ಲರೆದುರೂ ಹೇಳಿಕೊಂಡು ತಿರುಗಿದರು.

ಇನ್ನು ಆದ ಅನಾಹುತ. ಕೂಟದ ಸುತ್ತೋಲೆಯನ್ನು ಕಾರ್ಯದರ್ಶಿ ಸ್ಟೆನ್ಸಿಲ್ ಮೇಲೆ ಕೈಯಲ್ಲೇ ಕೊರೆದು ಸೈಕ್ಲೋಸ್ಟೈಲ್ ಮಾಡಿಸುತ್ತಿದ್ದರು. ಅಕ್ಷರ ಮುತ್ತಿನಂತೆ, ಆದರೆ ಒಂದೊಂದು ಮುತ್ತೂ ತೆಂಗಿನಕಾಯಿ ಗಾತ್ರ. ಸಾಲಿನ ಅಂಚಿಗೆ ಬಂದಾಗ ಜಾಗ ಸಾಲದೆ ಹೋದರೆ ಅವರು ಅಕ್ಷರ ಸಣ್ಣ ಮಾಡುತ್ತಿರಲಿಲ್ಲ, ಪದವನ್ನೇ ತೆಗೆಯುತ್ತಿದ್ದರು. ಈ ಸಲ ತೆಗೆದದ್ದು ‘ಮಿತ್ರ’. ಊರಿನಲ್ಲಿ ಕನ್ನಡ ಪೇಪರ್ ಓದಿ ಬೆಳೆದವರು ಮಿತ್ರಕೂಟ ಎಂದರೆ ಯುದ್ಧ, ಸೈನ್ಯ, ಒಪ್ಪಂದ ಎಂದು ತಿಳಿಯುತ್ತಾರೆ. ಬರೀ ಕೂಟ ಎಂದರೆ ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೋದವರೆಗೆ ನಮಗಿದ್ದದ್ದು ಒಂದೇ ಕೂಟ. ಮನೆಮನೆಗೆ ಹೋದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಚರ್ಚೆ – ಬ್ರಿಟನ್ ಕೂಟದಲ್ಲಿರಬೇಕೇ, ಬಿಡಬೇಕೇ? ಸಭಿಕರು ಮುಕ್ತವಾಗಿ ಅಭಿಪ್ರಾಯ ತಿಳಿಸಬಹುದು. ಕೊನೆಯಲ್ಲಿ ಮತದಾನ.’

ಹಾಳೆ ತಲುಪಿದ ದಿನವೇ ಡೈಮಂಡ್ ಬಾರಿನ ಆಂಟಿಯೊಬ್ಬರ ಫೋನ್ ಬಂತು. ಕೂಟದ ಅಡುಗೆಯ ಉಸ್ತುವಾರಿ ಅವರದು, ಹಾಗಾಗಿ ಎಲ್ಲರ ಉಸ್ತುವಾರಿಯೂ ಅವರದೇ. ‘ಅಂತೂ ಧೈರ್ಯ ಮಾಡಿದ್ರಲ್ಲ ಕಮಿಟಿಯವ್ರು! ನಾನೇನೋ ಅವ್ರಿಗೆ ಕೆಟ್ಟದು ಬಯಸಲ್ಲ. ಆದ್ರೆ ಹೇಳೋದನ್ನ ಹೇಳ್ಬೇಕಲ್ವಾ?’ ಎಂದರು. ‘ಅಯ್ಯೋ ಆಂಟಿ, ಅದು ದೇಶ! ಬ್ರಿಟನ್ ದೇಶದ ವಿಷಯ!’ ಎಂದು ಬಡಕೊಂಡೆ. ಆಂಟಿ ನಕ್ಕರು. ‘ಗೊತ್ತು ಬಿಡೇ. ಹಾಗೆ ಹೇಳದೆ ಇನ್ಹೇಗೆ ಹೇಳೋಕಾಗತ್ತೆ? ದೇಶ ಅಂತ ನೆಪ ಇಟ್ಕೊಂಡ್ರೆ ಅವ್ರಿಗೂ ಬೇಜಾರಾಗಲ್ಲ. ಬುದ್ಧಿವಂತರು ಕಣೇ ಸೆಕ್ರೆಟರಿ.’ ನಾನು ಬಿಡಿಸಿ ಹೇಳಿದಷ್ಟೂ ಅವರಿಗೆ ಗುಮಾನಿ ಗಟ್ಟಿಯಾಗುತ್ತಾ ಹೋಯಿತು. ಸಂಜೆಯ ಹೊತ್ತಿಗೆ ನನಗೇ ಇನ್ನೊಂದು ಮನೆಯಿಂದ ಫೋನ್ ಬಂದು, ದೇಶದ ನೆಪದಲ್ಲಿ ಡಾಕ್ಟರನ್ನು ತೆಗೆಯುತ್ತಾರಂತೆ, ನಿಮಗೆ ಗೊತ್ತಾ ಎಂದು ವಿಚಾರಿಸಿದರು.

ಕಾರ್ಯದರ್ಶಿಗೆ ಹೇಳಿದೆ, ತಿದ್ದುಪಡಿ ಕಳಿಸಿ ಎಂದು. ಅವರು ಗಾಬರಿಯಾದರು. ‘ಏನಂತ ಕಳಿಸ್ಲಿ ಮೇಡಂ? ಇದು ಡಾಕ್ಟ್ರ ಬಗ್ಗೆ ಅಲ್ಲ, ಬ್ರಿಟನ್ ಬಗ್ಗೆ ಅಂತನಾ? ಆ ಹಾಳೆ ಡಾಕ್ಟ್ರಿಗೂ ಹೋಗತ್ತೆ!’ ಅಲ್ಲಿಗೆ ಎಲ್ಲ ಬಂದು ನಿಂತಿತು. ಡಾಕ್ಟರನ್ನು ಎಚ್ಚರಿಸಬೇಕೆಂದರೆ ಮೊದಲು ಅವರ ಅಡ್ಡನಾಮ ಅವರಿಗೆ ಹೇಳಬೇಕು. ಅದನ್ನು ಹೇಳುವ ಗಂಡೆದೆ ಕಮಿಟಿಯಲ್ಲಿ ಯಾರಿಗೂ ಇರಲಿಲ್ಲ. ದೊಡ್ಡ ದೊಡ್ಡ ದೇಶಗಳು ಗುಟ್ಟು ಮುಚ್ಚಿಡುವುದು ದೇಶದ ಹಿತಕ್ಕಾಗಿ ಎನ್ನುತ್ತಾರೆ. ಇದ್ದರೂ ಇರಬಹುದು. ನಮ್ಮ ಕಮಿಟಿ ಮುಚ್ಚಿಟ್ಟದ್ದು ಮುಜುಗರಕ್ಕೆ. ಅವರವರೇ ಸರಿ ಹೋಗುತ್ತಾರೆ, ಬಂದವರಿಗೆ ವೇದಿಕೆಯಲ್ಲೇ ತಿಳಿಸಿಬಿಡೋಣ ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು.

ಚರ್ಚೆಯ ದಿನ, ಭಾನುವಾರ ಮಧ್ಯಾಹ್ನ, ಡೈಮಂಡ್ ಬಾರಿನ ಸ್ಕೂಲಿನ ಹಾಲ್ ತುಂಬಿ ಹೋಗಿತ್ತು. ದೀಪಾವಳಿಗೂ ಬಾರದವರು ಬಂದಿದ್ದರು. ನಮ್ಮೂರ ಪಕ್ಕದ ಲಾ ಹೋಯಾದ ಯೂನಿವರ್ಸಿಟಿ ಕ್ಯಾಂಪಸ್ಸಿನಿಂದ, ಸಮುದ್ರದ ಹುಳಗಳ ಮೇಲೆ ಸಂಶೋಧನೆ ಮಾಡುವ ಒಬ್ಬರು ಪ್ರೊಫೆಸರು ಬಂದಿದ್ದರು. ಅವರು ಕನ್ನಡದವರೆಂಬುದೇ ನಮಗೆ ಅವತ್ತು ಗೊತ್ತಾದದ್ದು. ಕುರ್ಚಿ ಸಾಲದೆ ಗಂಡಸರು ಗೋಡೆಗೆ ಒರಗಿ ನಿಂತರು. ಡಾಕ್ಟರು ಕೋಟು ಟೈ ಹಾಕಿ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತು ಹಿಂದೆ ತಿರುಗಿ ನೋಡಿದರು. ಕಣ್ಣಲ್ಲಿ ನೀರೇ ಬಂದಿತ್ತು. ‘ನೋಡ್ರಿ, ನಮ್ಮ ಮಂದಿಗೆ ಅಂತರರಾಷ್ಟ್ರೀಯ ರಾಜಕಾರಣದಾಗ ಆಸಕ್ತಿ ಇಲ್ಲಾ ಅಂತಿದ್ರಿ.’ ನಾನು ಸೀರೆಯ ಸೆರಗು ಸರಿಮಾಡಿಕೊಂಡೆ. ವೇದಿಕೆಯಲ್ಲೇ ತಿಳಿಸಬೇಕಾದ ಕಾರ್ಯದರ್ಶಿ ತುಂಬಿದ ಹಾಲನ್ನು ನೋಡಿ ಮಂತ್ರ ಹಾಕಿಸಿಕೊಂಡವರಂತೆ ನಿಂತಿದ್ದರು. ಜೀವಮಾನದಲ್ಲಿ ಅಷ್ಟು ಜನ ಅವರ ಚರ್ಚೆಗೆ ಬಂದಿರಲಿಲ್ಲ. ಹಾಳೆಯಲ್ಲಿದ್ದಂತೆಯೇ ವಿಷಯ ಓದಿ, ಸಭಿಕರು ಶುರು ಮಾಡಬಹುದು ಎಂದುಬಿಟ್ಟರು.

ಮೊದಲು ಎದ್ದವರು ಗೋಡೆಯ ಬಳಿಯಿದ್ದ ಒಬ್ಬ ಅಕೌಂಟೆಂಟು. ‘ಬ್ರಿಟನ್ ಕೂಟದಲ್ಲಿ ಮೊದಲಿನಿಂದ ಇದ್ದಾರೆ. ಅದನ್ನ ಮರೀಬಾರದು. ಆದ್ರೆ ಈಗ ಅವರಿಗೆ ತಾವೇ ದೊಡ್ಡವರು ಅನ್ನೋ ಭಾವನೆ ಜಾಸ್ತಿಯಾಗಿದೆ’ ಎಂದರು. ಚಪ್ಪಾಳೆ ಬಿತ್ತು. ಡಾಕ್ಟರು ನನ್ನ ಕಿವಿಯ ಬಳಿ ಬಗ್ಗಿದರು. ‘ಮೈಸೂರ ಕಡೆಯವರ ಸಂಸ್ಕಾರ ನೋಡ್ರಿ. ಒಂದು ದೇಶಕ್ಕೂ ಇದ್ದಾರೆ, ಅವರು ಅಂತ ಬಹುವಚನ ಹಚ್ಚತಾರ!’ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮುಂದಿನವರು ಇನ್ನೂ ಹುರುಪಿನಲ್ಲಿದ್ದರು. ಬ್ರಿಟನ್ ಎಲ್ಲದರಲ್ಲೂ ಮೂಗು ತೂರಿಸುತ್ತಾರೆ. ಬ್ರಿಟನ್ ಹಳೆಯ ವೈಭವ ಬಿಟ್ಟು ಇನ್ನೇನೂ ಮಾತಾಡುವುದಿಲ್ಲ. ಬ್ರಿಟನ್ ಕೊಡುವುದಕ್ಕಿಂತ ಸಲಹೆ ಕೊಡುವುದೇ ಹೆಚ್ಚು. ಕೂಟದ ಖರ್ಚಿನಲ್ಲಿ ಕೂತು ಕೂಟಕ್ಕೇ ಪಾಠ ಹೇಳುತ್ತಾರೆ. ಎಲ್ಲವೂ ದೇಶಕ್ಕೂ ಒಪ್ಪುವಂಥ ಮಾತುಗಳೇ! ಡಾಕ್ಟರು ತಲೆದೂಗುತ್ತಾ ಒಂದೊಂದನ್ನೂ ಗುರುತು ಹಾಕಿಕೊಂಡರು. ‘ಭಾಳ ಓದಿಕೊಂಡು ಬಂದಾರ’ ಎಂದರು.

ಎದ್ದು ನಿಂತು ಕೂಗಿಬಿಡಬೇಕೆನ್ನಿಸಿತು. ನಮ್ಮ ಮನೆಯವರ ಕಡೆ ನೋಡಿದೆ. ಜೀವಮಾನದ ಅಭ್ಯಾಸದಂತೆ ಅವರು ನೆಲ ನೋಡುತ್ತಿದ್ದರು. ಅಷ್ಟರಲ್ಲಿ ಡೈಮಂಡ್ ಬಾರಿನ ಆಂಟಿ ಎದ್ದರು. ಅವರಿಗೆ ಇವರೆಲ್ಲರ ಮೇಲೂ ಕೋಪ ಬಂದಿತ್ತು. ಮನಸ್ಸು ಕರಗಿ ಪಕ್ಷ ಬದಲಾಯಿಸಿದ್ದರು. ‘ಸಾಕು ಮಾಡ್ರಪ್ಪ! ಏನು ಮನುಷ್ಯರು ನೀವು! ಬ್ರಿಟನ್ ಎಷ್ಟೇ ಕೊರೀಲಿ, ಕೂಟದಲ್ಲಿ ಇರ್ಲಿ. ಹೆಂಡತಿ ಹೋದ್ಮೇಲೆ ಅವ್ರಿಗೆ ಯಾರಿದಾರೆ? ಮಗಳು ನೋಡಿದ್ರೆ ಅಲ್ಲಿ ಬೇಲಿ ಪಕ್ಕ ಕೂತಿದಾಳೆ. ಪಾಪ, ಎಲ್ಲಿಗೆ ಹೋಗ್ತಾರೆ?’

ಬೈದವರ ಮಾತೆಲ್ಲ ದೇಶಕ್ಕೆ ಹೊಂದಿತ್ತು. ಕನಿಕರ ಪಟ್ಟವರ ಮಾತು ಹೊಂದಲಿಲ್ಲ. ದೇಶಕ್ಕೆ ಹೆಂಡತಿ ಇರುವುದಿಲ್ಲ. ಡಾಕ್ಟರ ಪೆನ್ನು ನಿಂತದ್ದನ್ನು ನಾನು ನೋಡಿದೆ. ಅವರು ಗುರುತು ಹಾಕಿಕೊಂಡದ್ದನ್ನು ಮೊದಲಿನಿಂದ ಮತ್ತೊಮ್ಮೆ ಓದಿದರು, ನಿಧಾನವಾಗಿ, ರೋಗಿಯ ರಿಪೋರ್ಟು ಓದುವ ಹಾಗೆ. ಅವರಿಗೆ ತಿಳಿದುಹೋಯಿತೆಂದು ಹಾಲಿನಲ್ಲಿ ಎಲ್ಲರಿಗೂ ಒಟ್ಟಿಗೇ ಅರ್ಥವಾಗಿರಬೇಕು. ನನ್ನ ಮಗಳು ಮಾತ್ರ ಇಂಗ್ಲಿಷಿನಲ್ಲಿ, ಬ್ರಿಟನ್ ಅಂಕಲ್‌ಗೆ ಏನಾಯಿತು ಎಂದು ಕೇಳಿದಳು. ಕಾರ್ಯದರ್ಶಿ ಮೈಕಿನ ಬಳಿ ಏನೋ ತೊದಲಿ, ಸಮಯದ ಅಭಾವದಿಂದ ಮುಖ್ಯ ಭಾಷಣಗಳನ್ನು ಕೈಬಿಡೋಣ ಎಂದರು.

‘ಕೈ ಬಿಡೋದು ಬ್ಯಾಡ’ ಎಂದು ಡಾಕ್ಟರು ಎದ್ದರು. ಕೋಟಿನ ಗುಂಡಿ ಹಾಕಿಕೊಂಡು ವೇದಿಕೆ ಹತ್ತಿದರು. ‘ಬ್ರಿಟನ್ ಕೂಟ ಬಿಡಬೇಕು ಅನ್ನೋದು ನನಗ ಬಂದ ಪಕ್ಷ’ ಎಂದು ಶುರು ಮಾಡಿ, ಮಗಳು ಹೇಳಿಕೊಟ್ಟ ವಾದವನ್ನೆಲ್ಲ ಒಂದಕ್ಷರ ಬಿಡದೆ ಹೇಳಿದರು.

‘ಬ್ರಿಟನ್ನಿಗೆ ವಯಸ್ಸಾತು. ಒಂದ್ ಕಾಲಕ್ಕ ಅದರ ಮಾತು ನಡೀತಿತ್ತು. ಈಗ ಕೂಟದಾಗ ಅದರ ಮಾತು ಯಾರೂ ಕೇಳಂಗಿಲ್ಲ, ಕೇಳಿಧಂಗ ಮಾಡತಾರ. ಇದು ಅದಕ್ಕ ತಿಳಿಯಂಗಿಲ್ಲ. ಕೂಟ ತನ್ನ ಕಾಯತದ ಅಂತ ಅದು ನಂಬೇದ. ಖರೇ ಅಂದ್ರ, ಕೂಟಕ್ಕ ಬೇಕಾದದ್ದು ಅದರ ನೆಲ, ಕ್ಷಿಪಣಿ ನಿಲ್ಲಸಲಿಕ್ಕೆ ಜಾಗಾ. ಆ ಕ್ಷಿಪಣಿ ಯಾವಾಗ ಬಿಡಬೇಕು ಅಂತ ಅದನ್ನ ಕೇಳಂಗೂ ಇಲ್ಲ. ಹಂಗಾದರ ಅದು ಕೂಟದಾಗ ಯಾಕ ಉಳದದ? ಅಂಜಿಕೀಗೆ. ಹೊರಗ ಹೋದರ ತಾನು ಒಂಟಿ ಆಗತೀನಿ ಅನ್ನೋ ಅಂಜಿಕೀಗೆ. ಅಧ್ಯಕ್ಷರ, ಒಂಟಿ ಅದು ಈಗೂ ಅದ. ಕೂಟದಾಗ ಕೂತದ, ಅಷ್ಟ.’

ಭಾಷಣದುದ್ದಕ್ಕೂ ‘ಅದು’ ಎಂದೇ ಹೇಳಿದರು. ಒಂದು ಸಲವೂ ‘ಅವರು’ ಎನ್ನಲಿಲ್ಲ. ಬಹುವಚನ ಹಚ್ಚಿ ಹೊಡೆದಿದ್ದ ನಮಗೆ ಆ ನಪುಂಸಕಲಿಂಗವನ್ನು ಕೂತು ಕೇಳುವುದು ಸಾಧ್ಯವಾಗಲಿಲ್ಲ. ಆಂಟಿ ಮುಖ ಮುಚ್ಚಿಕೊಂಡು ಅತ್ತರು. ನನಗೆ ಇಡೀ ಹಾಲಿನ ಮೇಲೆ ಸಿಟ್ಟು ಬಂತು. ಇದಕ್ಕೆ ಉತ್ತರ ಕೊಡಬೇಕಾದ ಕಾರ್ಯದರ್ಶಿ ಎದ್ದು, ‘ನಾನು ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ’ ಎಂದು ಕೂತರು. ಇನ್ನೂ ಒಂದು ಮಾತನ್ನೂ ಆಡಿರಲಿಲ್ಲ!

ಮತಕ್ಕೆ ಹಾಕಿದರು. ಬ್ರಿಟನ್ ಕೂಟದಲ್ಲಿರಬೇಕು ಎನ್ನುವವರು ಕೈಯೆತ್ತಿ ಎಂದದ್ದೇ ತಡ, ಗೋಡೆಯ ಬಳಿಯ ಅಕೌಂಟೆಂಟು ಎರಡೂ ಕೈ ಎತ್ತಿದರು. ಇಡೀ ಹಾಲೇ ಎತ್ತಿತು, ಓಟಿಲ್ಲದ ಮಕ್ಕಳೂ ಎತ್ತಿದರು. ಅಲ್ಲಿಗೆ ಮುಗಿಸಿದ್ದರೂ ಆಗುತ್ತಿತ್ತು. ಆದರೆ ತಪ್ಪು ಮಾಡಿದ ನಮ್ಮವರಿಗೆ ಒಂದು ಸಲ ಸರಿಪಡಿಸಿದರೆ ಸಾಲದು. ತೀರ್ಪುಗಾರರು ತಲೆಗೆ ತಲೆ ಹಚ್ಚಿ ಪಿಸುಗುಟ್ಟಿ, ಅತ್ಯುತ್ತಮ ಭಾಷಣದ ಬಹುಮಾನವನ್ನು ಡಾಕ್ಟರಿಗೇ ಘೋಷಿಸಿದರು. ಬೀಟೆ ಮರದ ಒಂದು ಆನೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ತಾನು ಕೂಟ ಬಿಡಬೇಕೆಂದು ಅಷ್ಟು ಚೆನ್ನಾಗಿ ವಾದಿಸಿದ್ದಕ್ಕೆ ಅವರಿಗೆ ಬಹುಮಾನ ಕೊಡುತ್ತಿದ್ದೇವೆಂದು ಕೈ ನೋಯುವವರೆಗೂ ಯಾರಿಗೂ ಹೊಳೆಯಲಿಲ್ಲ. ಡಾಕ್ಟರು ತಲೆಬಾಗಿ ಆನೆ ತೆಗೆದುಕೊಂಡರು. ಊಟಕ್ಕೆ ನಿಲ್ಲಲಿಲ್ಲ.

ಮುಂದಿನ ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಕಮಿಟಿಯಿಂದ ನಿಯೋಗಗಳು ಹೋಗಿ ಬಂದವು, ಯುದ್ಧ ತಪ್ಪಿಸಲು ಓಡಾಡುವ ರಾಯಭಾರಿಗಳ ಹಾಗೆ, ಕೈಯಲ್ಲಿ ಹೋಳಿಗೆ ಡಬ್ಬಿ ಹಿಡಿದು. ಹೋದವರಿಗೆಲ್ಲ ಡಾಕ್ಟರು ಚಹಾ ಕೊಟ್ಟು, ಹವೆಯ ಬಗ್ಗೆ ಮಾತಾಡಿ ಕಳಿಸುತ್ತಿದ್ದರು. ಒಂದು ಶನಿವಾರ ಬೆಳಿಗ್ಗೆ ನಾವಿಬ್ಬರೂ ಹೋದೆವು. ಮನೆಯ ಮುಂದೆ ಮಾರಾಟದ ಬೋರ್ಡು ನೆಟ್ಟಿತ್ತು. ಒಳಗೆ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಮಗಳ ಊರಿಗೆ ಹೋಗುವುದು ಗಟ್ಟಿಯಾಗಿತ್ತು.

ನನಗೆ ತಡೆಯಲಾಗಲಿಲ್ಲ. ‘ಯಾಕೆ ಹೀಗ್ಮಾಡ್ತೀರಾ ಡಾಕ್ಟ್ರೇ? ಎಲ್ರೂ ಕೈ ಎತ್ತಿದ್ರಲ್ಲ, ನೀವು ಇರ್ಬೇಕು ಅಂತ!’ ಎಂದು ಹೆಚ್ಚುಕಡಿಮೆ ಜಗಳವನ್ನೇ ತೆಗೆದೆ.

‘ಕೈ ಎತ್ತಿದ್ದು ಬ್ರಿಟನ್ನಿಗೆ, ತಂಗಿ. ನನ್ನ ಹೆಸರು ಏನು, ಹೇಳ್ರಿ?’

ನನಗೆ ಅವರ ಮನೆತನದ ಹೆಸರು ಗೊತ್ತಿತ್ತು. ಫೋನ್ ಪುಸ್ತಕದಲ್ಲಿ ಅದರ ಹಿಂದೆ ಒಂದು ಇಂಗ್ಲಿಷ್ ಅಕ್ಷರ, ಅಷ್ಟೇ. ಆ ಅಕ್ಷರ ಏನನ್ನು ಹೇಳುತ್ತದೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನಮ್ಮ ಮನೆಯವರ ಕಡೆ ನೋಡಿದೆ. ಈ ಸಲ ಅವರು ಬಾಯಿ ಬಿಡದಿದ್ದದ್ದು ನಿಜವಾಗಿಯೂ ಗೊತ್ತಿಲ್ಲದ್ದಕ್ಕೆ.

‘ತಪ್ಪು ತಿಳಕೋಬ್ಯಾಡ್ರಿ’ ಎಂದರು ಡಾಕ್ಟರು, ನಮ್ಮನ್ನೇ ಸಮಾಧಾನ ಮಾಡುವವರಂತೆ. ‘ನಮ್ಮ ಪದ್ಧತಿನ ಹಂಗದ. ಹಿರೇರನ್ನ ಹೆಸರ ಹಿಡದು ಕರೀಬಾರದು. ನನ್ನ ಹೆಂಡತಿ ಸಾಯೂತನಕ ಒಂದ ಸಲಾನೂ ನನ್ನ ಹೆಸರು ಹೇಳಲಿಲ್ಲ, ಹೇಳಿದರ ಆಯುಷ್ಯ ಕಡಿಮಿ ಆಗತದಂತ. ಅಪ್ಪ ಅವ್ವ ಹೋಗಿ ಭಾಳ ವರ್ಷಾತು. ಹೆಸರ ಹಿಡದು ಕರೆಯೋರು ಉಳದದ್ದು ಅಲ್ಲೆ, ಇಂಗ್ಲಂಡಿನ್ಯಾಗ. ಆಸ್ಪತ್ರಿಯೊಳಗ ಜತೀಗೆ ದುಡದವರು ಇನ್ನೂ ಇದ್ದಾರ. ಹೊಲಸಾಗಿ ಉಚ್ಚಾರ ಮಾಡತಾರ, ಖರೆ. ಆದರ ಕರೀತಾರ.’

ಎಷ್ಟು ವರ್ಷ ‘ಬ್ರಿಟನ್ನಿನೊಳಗ ನಾವು’ ಕೇಳಿದ್ದೆವು! ನಾವು ಅದನ್ನು ಜಂಬ ಎಂದುಕೊಂಡಿದ್ದೆವು. ಆಮೇಲೆ ಅವರು ತಮ್ಮ ಹೆಸರು ಹೇಳಿದರು. ಒಳ್ಳೆಯ ಹೆಸರು, ಹಳೆಯ ಕಾಲದ್ದು. ನಾನು ಅದನ್ನು ಒಂದು ಸಲ ಜೋರಾಗಿ ಹೇಳಬೇಕೆಂದು ನೋಡಿದೆ. ಹೇಳಲು ನನ್ನ ನಾಲಿಗೆ ಏಳಲಿಲ್ಲ. ಹಿರಿಯರು.

ಅವರು ಹೊರಟ ದಿನ ಲಾಸ್ ಏಂಜಲೀಸಿನ ಏರ್‌ಪೋರ್ಟಿಗೆ ಇಡೀ ಕೂಟವೇ ಬಂದಿತ್ತು. ಆ ಕಾಲದಲ್ಲಿ ವಿಮಾನ ಹತ್ತುವ ಗೇಟಿನವರೆಗೂ ಬಿಡುತ್ತಿದ್ದರು. ಆಂಟಿ ಚಕ್ಕುಲಿ ಕಟ್ಟಿಕೊಟ್ಟರು. ಕಾರ್ಯದರ್ಶಿ ಹಾರ ಹಾಕಿ, ಕೂಟಕ್ಕೆ ತುಂಬಲಾರದ ನಷ್ಟ ಎಂದು ಭಾಷಣ ಮಾಡಿದರು. ಅಕೌಂಟೆಂಟು ಗುಂಪು ಫೋಟೋಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಾಗ ಕೌಂಟರಿನ ಹುಡುಗಿ ಮೈಕಿನಲ್ಲಿ ಒಂದು ಹೆಸರು ಕೂಗಿದಳು. ಮೂರು ತುಂಡು ಮಾಡಿ, ಒಂದೊಂದು ತುಂಡನ್ನೂ ತಪ್ಪಾಗಿ.

‘ಯಾರೋ ನಮ್ಮೋರ ಹೆಸರಿದ್ದ ಹಾಗಿದೆಯಲ್ಲ, ಯಾರನ್ನ ಕರೀತಿದಾಳೆ?’ ಎಂದು ಆಂಟಿ ಸುತ್ತ ನೋಡಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋಟೋದ ಸಾಲಿನ ನಡುವೆ ಡಾಕ್ಟರು ನಿಂತಿದ್ದ ಜಾಗ ಖಾಲಿಯಾಗಿತ್ತು. ಅವರು ಆಗಲೇ ಕೈಯೆತ್ತಿ ‘ಯೆಸ್, ಯೆಸ್’ ಎನ್ನುತ್ತಾ ಕೌಂಟರಿನ ಕಡೆ ಓಡುತ್ತಿದ್ದರು.